ಬಾವಟೆ ಕಂಬದ ಕರಿಬುಟ್ಟಿ

ನಾನು ಒಂದು ಬುಟ್ಟಿ. ಹಾಗೆಂದ ಕೂಡಲೇ ನೀವು ಮೀನನ್ನೋ ಹೂವನ್ನೋ ನೆನೆದುಕೊಂಡರೆ ತಪ್ಪು ನಿಮ್ಮದಲ್ಲ. ಹುಟ್ಟಿ ಇಷ್ಟು ವರ್ಷವಾದರೂ ನನ್ನೊಳಗೆ ಯಾರೂ ಏನನ್ನೂ ಹಾಕಿಲ್ಲ. ಹಾಕಲು ನನಗೆ ಬಾಯಿಯೇ ಇಲ್ಲ. ಮೇಲೆ ಚೂಪು, ಕೆಳಗೆ ಅಗಲ, ತಳ ಮುಚ್ಚಿದೆ, ಮೈಗೆಲ್ಲ ಕಪ್ಪು ಬಟ್ಟೆ. ಬಡಾಕೋಡಿಯ ಕಡಲ ಸಂಗ್ರಹಾಲಯಕ್ಕೆ ಬಂದವರು ಅಂಗಳಕ್ಕೆ ಕಾಲಿಡುತ್ತಲೇ ಕತ್ತೆತ್ತಿ, "ಅದೇನು, ದೃಷ್ಟಿಬೊಂಬೆಯಾ?" ಎಂದು ಕೇಳುವುದು ನನ್ನನ್ನು ನೋಡಿಯೇ. ಉತ್ತರ ಹೇಳಿ ಹೇಳಿ ಅಲ್ಲಿನ ಕಾವಲುಗಾರನಿಗೂ ಬೇಸರ ಬಂದಿದೆ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ನನ್ನನ್ನು ಹೆಣೆದವನು ಐತ. ಬಂದರಿನ ಹಿಂದಿನ ಗುಡ್ಡದಲ್ಲಿ ಅವನ ಗುಡಿಸಲು. ಬಡಾಕೋಡಿಯ ಮೀನುಬುಟ್ಟಿ, ಗೊಬ್ಬರದ ಬುಟ್ಟಿ, ಕೋಳಿಗೂಡು ಎಲ್ಲವೂ ಅವನ ಕೈಯಿಂದಲೇ ಆಗಿ ಬರಬೇಕು. ಬಿಳಿಯರ ಆಳ್ವಿಕೆ ಮುಗಿಯುತ್ತ ಬಂದ ಕಾಲ ಅದು. ಬಂದರು ಕಚೇರಿಯ ಹಳೆಯ ಬುಟ್ಟಿಯನ್ನು ಗೆದ್ದಲು ತಿಂದಿತ್ತು. ಹೊಸದನ್ನು ಮಾಡಿಸಲು ಕಚೇರಿಯ ಜವಾನ ಇದ್ದಿನಬ್ಬ ಗುಡ್ಡ ಹತ್ತಿ ಬಂದಿದ್ದ. ಐತ ಬೆತ್ತ ಸೀಳಿ, ಕೆಳಗಿನಿಂದ ಹೆಣೆಯುತ್ತ, ಮೇಲೆ ಬಂದ ಹಾಗೆ ನನ್ನನ್ನು ಸಪೂರ ಮಾಡುತ್ತ ಹೋಗಿ ತುದಿ ಕಟ್ಟಿದ. ಇನ್ನು ತಳವನ್ನೂ ಮುಚ್ಚಬೇಕು ಎಂದಾಗ ಅವನಿಗೆ ತಡೆಯಲಾಗಲಿಲ್ಲ.

"ಬಾಯಿ ಬ್ಯಾಡ್ವಾ ಸಾಯ್ಬ್ರೇ? ಬಾಯಿ ಇಲ್ಲದ್ ಬುಟ್ಟಿ ಎಂತಕ್ ಆತ್ತ್?"

"ಇದ್ ತುಂಬ್ಸುಕಲ್ಲ ಐತಾ, ತೋರ್ಸುಕೆ" ಎಂದ ಇದ್ದಿನಬ್ಬ.

ಆ ಮಾತು ನನಗೆ ಬಹಳ ಹಿಡಿಸಿತು. ಮೀನಿನ ನಾತ ಹೊತ್ತು ಸಾಯುವ ನನ್ನ ಒಡಹುಟ್ಟುಗಳ ನಡುವೆ ನಾನೊಬ್ಬನೇ ತೋರಿಸಿಕೊಳ್ಳಲು ಹುಟ್ಟಿದವನು! ಮೈಗೆ ಹಾಯಿಬಟ್ಟೆ ಸುತ್ತಿ, ಡಾಂಬರು ಬಳಿದು ಬಿಸಿಲಿಗಿಟ್ಟಾಗ ನಾನು ಮದುಮಗನ ಹಾಗೆ ಬೀಗುತ್ತಿದ್ದೆ. ಯಾರ ಮದುವೆಗೆ ಎಂಬುದು ಗೊತ್ತಿರಲಿಲ್ಲ.

ಗೊತ್ತಾಗಲು ತಡವಾಗಲಿಲ್ಲ. ಬಂದರು ಕಚೇರಿಯ ಮುಂದೆ ಎತ್ತರದ ಒಂದು ಮರದ ಕಂಬವಿತ್ತು. ಊರವರು ಅದನ್ನು ಬಾವಟೆ ಕಂಬ ಎನ್ನುತ್ತಿದ್ದರು. ಕಡಲಿನಲ್ಲಿ ಬಿರುಗಾಳಿ ಹುಟ್ಟಿದೆ ಎಂದು ದೂರದ ಊರಿನಿಂದ ತಂತಿ ಬಂದರೆ ನನ್ನನ್ನು ಆ ಕಂಬದ ತುದಿಗೆ ಏರಿಸಬೇಕು. ನನ್ನನ್ನು ಕಂಡರೆ ಹೊಳೆಯೊಳಗಿನ ದೋಣಿ ಹೊರಗೆ ಹೋಗಬಾರದು, ಹೊರಗಿನ ದೋಣಿ ದಡ ಹಿಡಿಯಬೇಕು. ನನ್ನನ್ನು ಇಳಿಸಿದರೆ ಅಪಾಯ ಕಳೆಯಿತು, ಇನ್ನು ಹೊರಡಬಹುದು ಎಂದು ಅರ್ಥ. ಇಷ್ಟೇ ನನ್ನ ಕೆಲಸ. ಉಳಿದ ದಿನಗಳಲ್ಲಿ ಕಚೇರಿಯ ಜಗಲಿಯ ಮೊಳೆಗೆ ನೇತುಬಿದ್ದು ಹೋಗಿ ಬರುವವರ ಕಾಲು ನೋಡುತ್ತಿದ್ದೆ.

ಏರಿಸುವವನು ಇದ್ದಿನಬ್ಬ. ಉದ್ದನೆಯ ಆಳು, ತಲೆಗೆ ಬಿಳಿ ಟೊಪ್ಪಿ, ಬಾಯಲ್ಲಿ ಸದಾ ಎಲೆಯಡಿಕೆ. ಹಗ್ಗಕ್ಕೆ ನನ್ನನ್ನು ಕಟ್ಟಿ, ಬೆನ್ನಿಗೊಂದು ತಟ್ಟಿ, "ಹೋಗ್ ಮಗಾ, ಹೇಳ್" ಎನ್ನುತ್ತಿದ್ದ. ರಾಟೆ ಕಿರ್ರೆನ್ನುತ್ತ ನಾನು ಏರುತ್ತಿದ್ದೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಹಂಚಿನ ಕಾರ್ಖಾನೆಯ ಹೊಗೆಕೊಳವೆ, ಬಂದರಿನ ಗೋದಾಮು, ಮರಕಾಲರ ಕೇರಿಯಲ್ಲಿ ಒಣಗಿಸಿದ ಬಲೆಗಳು, ಹೊಳೆಯ ನಡುವೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲ ಗಿಡ ಮುತ್ತಿದ ದ್ವೀಪ, ಅಂದರೆ ಊರವರ ಕುದ್ರು, ಅದರಾಚೆ ಹೊಳೆ ಕಡಲು ಸೇರುವ ಅಳಿವೆ. ಅಳಿವೆಯ ಬಾಯಲ್ಲಿ ಅಲೆ ಒಡೆಯುವ ಬಿಳಿ ಗೆರೆ. ಅದರಾಚೆಗೆ ಏನಿದೆಯೋ ನನಗೂ ಗೊತ್ತಿಲ್ಲ, ಬರುವುದೆಲ್ಲ ಅಲ್ಲಿಂದಲೇ.

ನಾನು ಏರಿದರೆ ಜನ ಕೈಮುಗಿಯುತ್ತಾರೆ ಎಂದುಕೊಂಡಿದ್ದೆ. ಕೇರಿಯ ಹೆಂಗಸರು ಹೊರಗೆ ಬಂದು ಉಗಿದರು. ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು "ಏರಿತ್ತಲ್ಲೇ ಶನಿ!" ಎಂದರು. ಉಪ್ಪು ನೀವಾಳಿಸಿ ನನ್ನ ಕಡೆಗೆ ಎಸೆದರು. ಅವರ ಲೆಕ್ಕದಲ್ಲಿ ಗಾಳಿಯನ್ನು ಕರೆಯುವವನೇ ನಾನು. ನನಗೆ ಮೈಯೆಲ್ಲ ಉರಿಯಿತು. ಊರಿಗೆ ಉಪಕಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಇದ್ದಿನಬ್ಬ ನನ್ನ ಪರವಾಗಿ ಜಗಳಕ್ಕೇ ನಿಲ್ಲುತ್ತಿದ್ದ. "ಕೋಳಿ ಕೂಗ್ತ್ ಅಂದೇಳಿ ಬೆಳ್ಗಾತ್ತಾ? ಬೆಳ್ಗಾತ್ತ್ ಅಂದೇಳಿ ಕೋಳಿ ಕೂಗುದ್" ಎನ್ನುತ್ತಿದ್ದ. ಅವನ ಬಾಯಿ ಮುಚ್ಚಿಸಿದವಳು ಒಬ್ಬಳೇ, ಸಿದ್ದು ಮರಕಾಲ್ತಿ. ಆಗ ತಾನೇ ಕೇರಿಗೆ ಸೊಸೆಯಾಗಿ ಬಂದಿದ್ದಳು. ಹಂಚು ಹೊತ್ತು ಮಲಬಾರಿನ ಕಡೆಗೆ ಹೋಗುವ ಹಾಯಿಹಡಗು, ಅಂದರೆ ಮಂಜಿಯಲ್ಲಿ ಅವಳ ಗಂಡ ಶೀನ ಮರಕಾಲ ಖಲಾಸಿ. ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡೇ ಅವಳು ಕೇಳಿದಳು:

"ಸಾಯ್ಬ್ರೇ, ಆಕಾಶ ನೀಲಿ ಇಪ್ಪತಿಗೆ ನೀವ್ ಬುಟ್ಟಿ ಏರ್ಸ್ತ್ರಿ. ಮರ್ದಿನ ಗಾಳಿ ಬತ್ತ್. ಬುಟ್ಟಿ ಏರ್ದೆ ದೊಡ್ಡ್ ಗಾಳಿ ಬಂದದ್ ಒಂದ್ ಸಲ ಆದ್ರೂ ಕಂಡಿದ್ರ್ಯಾ?"

ಇದ್ದಿನಬ್ಬ ಎಲೆಯಡಿಕೆ ಉಗಿದು ಬಂದು ಯೋಚಿಸಿದ. ಅವನು ಕೆಲಸಗಳ್ಳನಲ್ಲ, ತಂತಿ ಬಂದಾಗಲೆಲ್ಲ ತಪ್ಪದೆ ಏರಿಸಿದ್ದ. ಹಾಗಾಗಿ ಕಂಡಿದ್ದೇನೆ ಎನ್ನುವ ಹಾಗಿರಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ಹುಡುಗಿಯ ಮೇಲೆ ನನಗೆ ಹಗೆ ಹುಟ್ಟಿದ್ದು ಆ ದಿನ.

ಆದರೆ ಹಗೆಯನ್ನು ಪೂರ್ತಿ ಸಾಕಲು ಅವಳು ಬಿಡಲಿಲ್ಲ. ಮಳೆಗಾಲ ಕಳೆದು ಮಂಜಿಗಳು ಹೊರಡುವ ಮೊದಲು ಕಂಬದ ಬುಡದ ಮರಳಲ್ಲಿ ಹಾಯಿ ಹರಡಿ ತೇಪೆ ಹಾಕುವುದು ವಾಡಿಕೆ. ಹಾಯಿ ಹೊಲಿಯುವುದು ಗಂಡಸರ ಕೆಲಸ. ಶೀನ ಹೊಲಿಯುತ್ತಿದ್ದಲ್ಲಿಗೆ ಸಿದ್ದು ಬಂದು ಸೂಜಿ ಕಿತ್ತುಕೊಂಡಳು. ತನ್ನ ಕೆಂಪು ಸೀರೆಯ ಸೆರಗಿನ ತುಂಡೊಂದನ್ನು ಹರಿದು, ಮೂರು ಮಡಿಕೆ ಮಾಡಿ ಹಾಯಿಯ ಮೇಲ್ತುದಿಗೆ ತಾನೇ ಹೊಲಿದಳು.

"ಹುಚ್ಚ್ ಹೆಣ್ಣೇ, ತಂಡೇಲ್ರ್ ಬೈತ್ರ್" ಎಂದ ಶೀನ. ತಂಡೇಲ ಎಂದರೆ ಮಂಜಿಯ ಯಜಮಾನ, ಹಡಗು ನಡೆಸುವವನು.

"ಬೈಲಿ. ಎಲ್ಲಾ ಹಾಯಿಯೂ ಒಂದೇ ನಮೂನಿ ಬೆಳಿ. ದೂರದಂಗೆ ಬಪ್ಪತಿಗೆ ಇದ್ ನನ್ನ್ ಗಂಡನ್ದ್ ಅಂದೇಳಿ ನಂಗೆ ಗುರ್ತ ಸಿಕ್ಕುದ್ ಬ್ಯಾಡ್ವಾ?"

ಜಗಲಿಯ ಮೊಳೆಯಲ್ಲಿದ್ದ ನಾನು ಇದನ್ನೆಲ್ಲ ನೋಡಿದೆ. ನನಗೂ ಯಾರಾದರೂ ಹೀಗೊಂದು ತೇಪೆ ಹಾಕಬಾರದೇ ಅನ್ನಿಸಿತು.

ದೀಪಾವಳಿ ಕಳೆದಿತ್ತು. ಸಿದ್ದುವಿನ ಹೊಟ್ಟೆಯಲ್ಲಿ ಮಗು. ಹಂಚು ತುಂಬಿದ ಮಂಜಿ ಒಂದು ಸಂಜೆ ಬಂದರಿನ ದಕ್ಕೆ ಬಿಟ್ಟು ಅಳಿವೆಯ ಕಡೆಗೆ ಹೋಯಿತು. ಬೆಳಗಿನ ಭರತಕ್ಕೆ, ನೀರು ಏರಿದಾಗ, ಅಳಿವೆ ದಾಟುವುದು ಕ್ರಮ. ಮರುದಿನ ಬೆಳಕು ಹರಿಯುವಾಗಲೇ ತಂತಿ ಬಂತು. ಇದ್ದಿನಬ್ಬ ಟೊಪ್ಪಿಯನ್ನೂ ಹಾಕದೆ ಓಡಿಬಂದು ನನ್ನನ್ನು ಕಟ್ಟಿದ. "ಹೋಗ್ ಮಗಾ, ಬೇಗ ಹೇಳ್."

ಕಂಬದ ತುದಿಯಿಂದ ನೋಡಿದೆ. ಕಡಲು ಹಾಲಿನ ಬಟ್ಟಲಿನ ಹಾಗೆ ಸುಮ್ಮನಿತ್ತು. ಅಂಥ ಸುಮ್ಮನಿರುವಿಕೆ ನನಗೆ ಯಾವತ್ತೂ ಸೇರುವುದಿಲ್ಲ. ಪಡುವಣದ ಅಂಚಿಗೆ ಕಪ್ಪು ಗೆರೆಯೊಂದು ಎಳೆದಿತ್ತು. ಮಂಜಿ ಹೋಗಿಬಿಟ್ಟಿರಬೇಕು ಎಂದುಕೊಳ್ಳುತ್ತಿದ್ದಾಗ ಕುದ್ರುವಿನ ಹಿಂದೆ ಹಾಯಿ ಇಳಿಸಿಕೊಂಡು ಲಂಗರು ಹಾಕಿ ನಿಂತದ್ದು ಕಂಡಿತು. ತಂಡೇಲ ನನ್ನನ್ನು ನೋಡಿದ್ದ! ನೋಡಿ, ಹೊರಡದೆ ನಿಂತಿದ್ದ! ನನ್ನ ಮಾತು ಕೇಳುವವರೂ ಇದ್ದಾರಲ್ಲ ಎಂದು ನಾನು ಹಿಗ್ಗಿದೆ.

ಆದರೆ ಕಾಂಡ್ಲ ಗಿಡಗಳ ಮರೆಯಲ್ಲಿದ್ದ ಮಂಜಿ ಕೇರಿಗೆ ಕಾಣುತ್ತಿರಲಿಲ್ಲ, ಬಂದರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ನನಗೊಬ್ಬನಿಗೆ. ಮಂಜಿ ಬೆಳಗಿನ ಭರತಕ್ಕೆ ಕಡಲಿಗೆ ಇಳಿದಿದೆ, ಈಗ ನಡುನೀರಿನಲ್ಲಿದೆ ಎಂದೇ ಎಲ್ಲರೂ ತಿಳಿದಿದ್ದರು. ನಾನು ಕೂಗಿ ಹೇಳಬೇಕಿತ್ತು. ಬಾಯಿ ಎಲ್ಲಿದೆ?

ಅಂದು ಶುಕ್ರವಾರ. ಮಧ್ಯಾಹ್ನ ಇದ್ದಿನಬ್ಬ ಜುಮ್ಮಾ ನಮಾಜಿಗೆ ಹೋದ. ಕಚೇರಿಯ ಗುಮಾಸ್ತ ಊಟಕ್ಕೆ ಹೋದ. ಬಿರುಗಾಳಿಯ ಸುಳಿವೇ ಇಲ್ಲ, ಬಟ್ಟೆ ಒಣಗುವ ಬಿಸಿಲು. ಆಗ ಸಿದ್ದು ಒಬ್ಬಳೇ ಬಂದಳು. ಕಂಬದ ಬುಡದಲ್ಲಿ ನಿಂತು ನನ್ನನ್ನೇ ನೋಡಿದಳು. ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

"ಅವ ನಡ್ ಕಡ್ಲಗಿದ್ದ. ನೀ ಇಳಿ. ನೀ ಇಳ್ದ್ರೆ ಗಾಳಿ ಬತ್ತಿಲ್ಲ" ಎಂದಳು.

ಹಗ್ಗ ಬಿಚ್ಚಿದಳು. ಬೇಡ ಎಂದು ರಾಟೆ ಕಿರುಚಿತು, ಅವಳಿಗೆ ಕೇಳಲಿಲ್ಲ. ಇಳಿಯುತ್ತ ಇಳಿಯುತ್ತ ನಾನು ಕೊನೆಯದಾಗಿ ಕಂಡದ್ದು ಕುದ್ರುವಿನ ಹಿಂದಿನ ಮಂಜಿಯ ಮೇಲೆ ಎದ್ದು ನಿಂತ ಜನರನ್ನು. ಎಲ್ಲರ ಮುಖವೂ ನನ್ನ ಕಡೆಗಿತ್ತು.

ಅವಳು ನನ್ನನ್ನು ಮರಳ ಮೇಲೆ ಮಲಗಿಸಿ, ಏಳಬಾರದೆಂಬಂತೆ ಬೆನ್ನ ಮೇಲೆ ಕೈಯಿಟ್ಟು ಕೂತಳು. ಕೆಳಗಿನಿಂದ ನನಗೆ ಅವಳ ಗಲ್ಲ ಮಾತ್ರ ಕಾಣುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಹೆಸರು ಅರ್ಧದಲ್ಲಿ ನಿಂತಿತು. ನನ್ನ ಮೇಲಿದ್ದ ಕೈ ಕಲ್ಲಾಯಿತು. ಮರುಗಳಿಗೆಯಲ್ಲಿ ಅವಳು ಎದ್ದು ಹುಚ್ಚಿಯ ಹಾಗೆ ಹಗ್ಗ ಹಿಡಿದು ನನ್ನನ್ನು ಮೇಲಕ್ಕೆ ಎಳೆಯತೊಡಗಿದಳು. ಆಳೆತ್ತರ ಏರಿದ್ದೆನೋ ಇಲ್ಲವೋ, ಹಗ್ಗ ರಾಟೆಯ ಗಾಲಿಯಿಂದ ಜಾರಿ ಸಂದಿನಲ್ಲಿ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ನಾನು ಕದಲಲಿಲ್ಲ. ಕಚೇರಿಯ ಹಂಚಿನ ಮಾಡಿಗಿಂತ ಕೆಳಗೆ, ಹೊಳೆಗೂ ಕಡಲಿಗೂ ಕಾಣದಂತೆ ನೇತಾಡಿದೆ. ಅವಳು ಹೊಳೆಯ ಕಡೆಗೆ ತಿರುಗಿ ಮಾತಿಲ್ಲದೆ ಕಿರುಚಿದಳು. ನನಗೆ ಸಿಟ್ಟೇ ಬಂತು. ಇಳಿಸುವವಳೂ ಇವಳೇ, ಏರಿಸುವವಳೂ ಇವಳೇ, ಈ ಹೆಂಗಸಿಗೆ ಬುದ್ಧಿ ನೆಟ್ಟಗಿದೆಯೇ ಎಂದುಕೊಂಡೆ.

ಕಿರುಚಾಟ ಕೇಳಿ ಇದ್ದಿನಬ್ಬ ಓಡಿಬಂದಾಗ ಅವಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವನು ಕಂಬ ಹತ್ತಿ, ಹಗ್ಗ ಬಿಡಿಸಿ, ಅಲ್ಲಿಂದಲೇ ನನ್ನನ್ನು ಎಳೆದುಕೊಂಡ. ಇಬ್ಬರೂ ಒಟ್ಟಿಗೆ ನೋಡಿದೆವು. ಕುದ್ರುವಿನ ಹಿಂದೆ ಏನೂ ಇರಲಿಲ್ಲ. ಬೆಳಿಗ್ಗೆಯೇ ಹೋಯಿತೆಂದು ಇದ್ದಿನಬ್ಬ ತಿಳಿದಿದ್ದ ಮಂಜಿ ಈಗ ತಾನೇ ಅಳಿವೆ ದಾಟಿ, ಹಾಯಿ ತುಂಬಿಕೊಂಡು, ಕಪ್ಪು ಗೆರೆಯ ಕಡೆಗೇ ಹೋಗುತ್ತಿತ್ತು. ಅವರ ಬೆನ್ನು ನಮ್ಮ ಕಡೆಗಿತ್ತು. ಬುಟ್ಟಿ ಇಳಿದದ್ದನ್ನು ಕಂಡು ಹೊರಟವರು ಮತ್ತೆ ತಿರುಗಿ ಯಾಕೆ ನೋಡುತ್ತಾರೆ?

ಇದ್ದಿನಬ್ಬ ಕೂಗಿದ, ಟೊಪ್ಪಿ ಬೀಸಿದ. ಆಮೇಲೆ ಕಂಬವನ್ನು ತಬ್ಬಿಕೊಂಡು ಹಾಗೇ ಇದ್ದುಬಿಟ್ಟ.

ಸಂಜೆಗೆ ಗಾಳಿ ಬಂತು. ಅದನ್ನು ನಾನು ವರ್ಣಿಸುವುದಿಲ್ಲ. ಮಂಜಿಯಿಂದ ಯಾರೂ ಮರಳಲಿಲ್ಲ. ಒಡೆದ ಹಲಗೆಗಳು ದಡಕ್ಕೆ ಬಂದವು, ಹಾಯಿ ಬರಲಿಲ್ಲ.

ಗಾಳಿ ನಿಂತ ಮೇಲೆ ಕೇರಿಗೆ ಕೇರಿಯೇ ಕಂಬದ ಬುಡಕ್ಕೆ ಬಂತು. ಸಿದ್ದುವನ್ನು ಇಬ್ಬರು ಹಿಡಿದುಕೊಂಡಿದ್ದರು. ಶೀನನ ತಾಯಿ ಎದೆ ಬಡಿದುಕೊಂಡು ಕೇಳಿದಳು: "ನನ್ನ್ ಸೊಸೆ ಇಳ್ಸಿದ್ಳ್. ಗಾಳಿ ನಿಲ್ಲುದಿತ್ತ್. ನೀವ್ ಎಂತಕೆ ಮತ್ತೆ ಏರ್ಸಿದ್ರಿ ಸಾಯ್ಬ್ರೇ?"

ಇದ್ದಿನಬ್ಬ ಬಾಯಿ ತೆರೆದ. ಈಗ ಹೇಳುತ್ತಾನೆ, ಮಂಜಿ ಕುದ್ರುವಿನ ಹಿಂದೆ ನನ್ನನ್ನು ನಂಬಿ ನಿಂತಿತ್ತು, ಇಳಿಸಿದ್ದಕ್ಕೇ ಹೊರಟಿತು ಎಂದು ಈಗ ಹೇಳುತ್ತಾನೆ ಎಂದು ನಾನು ಕಾದೆ. ಅವನು ಸಿದ್ದುವಿನ ಕಡೆಗೆ ನೋಡಿದ. ಅವಳ ಹೊಟ್ಟೆಯ ಕಡೆಗೆ ನೋಡಿದ.

"ತಪ್ಪಾಯ್ತ್ ಅಮ್ಮಾ. ಏರ್ಸುಕಾಗ್ದಿತ್ತ್. ಈ ಬುಟ್ಟಿ ಒಳ್ಳೇದಲ್ಲ" ಎಂದ.

ನನ್ನ ಬೆತ್ತದ ಒಂದೊಂದು ಎಳೆಯೂ ನೊಂದಿತು. ಉಗಿದವರ ಮೇಲೆ, ಉಪ್ಪು ಎಸೆದವರ ಮೇಲೆ ನನಗೆ ಅಂಥ ದುಃಖವಿಲ್ಲ, ಅವರಿಗೆ ತಿಳಿಯದು. ತಿಳಿದವನು ಒಬ್ಬನೇ ಇದ್ದ. ಮಗಾ ಎಂದು ಕರೆದವನೇ ಹೀಗೆಂದ! ಊರವರು ಸರಕಾರದ ಆಳು ಎಂದು ಅವನನ್ನು ಬಿಟ್ಟು, ನನ್ನನ್ನು ಇಳಿಸಿ ಮರಳಿನಲ್ಲಿ ಹಾಕಿ ಪೊರಕೆಯಿಂದ ಹೊಡೆದರು. ಮೊದಲ ಏಟು ಸಿದ್ದುವಿನದೇ ಆಗಬೇಕು ಎಂದರು. ಪೊರಕೆಯನ್ನು ಅವಳ ಕೈಗೆ ತುರುಕಿದರು.

ಅಲ್ಲಿಂದ ಅದೊಂದು ಕಟ್ಟಳೆಯಾಯಿತು. ಪ್ರತಿವರ್ಷ ಮಳೆಗಾಲ ಮುಗಿದು ದೋಣಿಗಳು ಇಳಿಯುವ ಮೊದಲು ನನ್ನನ್ನು ಮರಳಿನಲ್ಲಿಟ್ಟು ಹೆಂಗಸರು ಪೊರಕೆಯ ಪೂಜೆ ಮಾಡುವುದು, ಉಪ್ಪು ನೀವಾಳಿಸುವುದು, "ಈ ವರ್ಷ ಏಳ್ಬೇಡ" ಎಂದು ಶಾಪ ಹಾಕುವುದು. ಮೊದಲ ಏಟು ಯಾವತ್ತೂ ಸಿದ್ದುವಿನದು. ವಿಚಿತ್ರವೆಂದರೆ ಅವಳ ಏಟು ಮಾತ್ರ ನನಗೆ ನೋಯುತ್ತಿರಲಿಲ್ಲ. ಪೊರಕೆ ಮೈಗೆ ತಾಗಿದ್ದೇ ತಿಳಿಯದು. ಗಂಡನಿಲ್ಲದೆ ಮಗಳನ್ನು ಸಾಕಿದವಳು, ತೋಳಿನಲ್ಲಿ ಬಲವಿಲ್ಲ ಪಾಪ ಎಂದುಕೊಂಡೆ. ಅದೇ ತೋಳು ಮೀನಿನ ಬುಟ್ಟಿಯನ್ನು ಗುಡ್ಡದಾಚೆಗೆ ಹೊತ್ತುಕೊಂಡು ಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ. ಆದರೂ ಹೊಳೆಯಲಿಲ್ಲ, ನನ್ನ ತಲೆ ಚೂಪಾಗಿರುವುದು ಹೊರಗಿನಿಂದ ಮಾತ್ರ.

ಇದ್ದಿನಬ್ಬ ಆಮೇಲೂ ನನ್ನನ್ನು ಏರಿಸಿದ, ಇಳಿಸಿದ. "ಹೋಗ್ ಮಗಾ" ಎನ್ನುವುದನ್ನು ಬಿಟ್ಟುಬಿಟ್ಟ. ನಿವೃತ್ತಿಯಾದ ದಿನ ಮಾತ್ರ ಜಗಲಿಗೆ ಬಂದು, ಅತ್ತಿತ್ತ ನೋಡಿ, ನನ್ನ ಬೆನ್ನಿಗೆ ಕೈಯಿಟ್ಟು, "ನೀ ಹೇಳಿದ್ದೆ ಮಗಾ. ಅವ್ಳಿಗ್ ಗೊತ್ತಾಪುಕಾಗ. ಗೊತ್ತಾದ್ರೆ ಬದ್ಕುದಿಲ್ಲ" ಎಂದ. ನನಗೆ ಸಮಾಧಾನವಾಗಲಿಲ್ಲ. ಅವಳಿಗೆ ಗೊತ್ತಾಗಲಿ, ಒಂದು ಸಲ ನನ್ನನ್ನು ನೋಡಿ ನಿನ್ನ ತಪ್ಪಿಲ್ಲ ಎನ್ನಲಿ ಎಂಬುದೇ ನನ್ನ ಹಟ. ಹಟಕ್ಕೆ ಬುದ್ಧಿ ಎಲ್ಲಿಂದ ಬರಬೇಕು.

ಕಾಲ ತಿರುಗಿತು. ಮಂಜಿಗಳು ಹೋಗಿ ಇಂಜಿನ್ ಬೋಟುಗಳು ಬಂದವು. ಗಾಳಿಯ ಸುದ್ದಿ ರೇಡಿಯೋದಲ್ಲಿ ಬರತೊಡಗಿತು. ಅಳಿವೆಯಲ್ಲಿ ಹೂಳು ತುಂಬಿ ಹಡಗು ಬರುವುದು ನಿಂತಿತು, ಬಂದರು ಕಚೇರಿಗೆ ಬೀಗ ಬಿತ್ತು. ನನ್ನನ್ನು ಗೋದಾಮಿಗೆ ಎಸೆದರು. ಅಲ್ಲಿ ಹೆಗ್ಗಣಗಳ ಜೊತೆ ಬಹಳ ವರ್ಷ ಕಳೆದೆ. ಹೊಡೆಯಲು ಕೂಡ ಯಾರೂ ಬರಲಿಲ್ಲ. ಪೊರಕೆಯ ಏಟೂ ಒಂದು ನಂಟು ಎಂದು ತಿಳಿದದ್ದು ಆಗ.

ಒಂದು ದಿನ ಗೋದಾಮಿನ ಬಾಗಿಲು ತೆರೆಯಿತು. ಟ್ರಸ್ಟೊಂದು ಅದನ್ನು ಕಡಲ ಸಂಗ್ರಹಾಲಯ ಮಾಡಲು ಹೊರಟಿತ್ತು. ಮೇಲ್ವಿಚಾರಕಿಯಾಗಿ ಬಂದವಳು ಭಾರ್ಗವಿ ಐತಾಳ, ಹಡಗುಗಳ ಚರಿತ್ರೆಯನ್ನೇ ಓದಿ ಬಂದ ಹುಡುಗಿ, ಕೈಗೆ ಮಸಿಯಾಗುವುದಕ್ಕೆ ಅಂಜದವಳು. ಊರೂರು ತಿರುಗಿ ತುಕ್ಕು ಹಿಡಿದ ಲಂಗರು, ಗಾಜು ಒಡೆದ ದಿಕ್ಸೂಚಿ, ಚುಕ್ಕಾಣಿಯ ತುಂಡು, ಹಾಯಿಯ ಸೂಜಿ ಎಲ್ಲ ತಂದು ಜೋಡಿಸಿದಳು. ಲಂಗರುಗಳಿಗೆ ಜಂಭ, ತಾವು ಕಡಲಿನ ತಳ ಕಂಡವರೆಂದು. ನನ್ನನ್ನು ಕಂಡು ಅವಳು "ಅಯ್ಯೋ, ಇದು ಉಳಿದಿದೆಯಾ!" ಎಂದು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಳು. ಹೊಸ ಬಟ್ಟೆ ಹೊದಿಸಿದಳು. ಬಾವಟೆ ಕಂಬವನ್ನು ಅಂಗಳದಲ್ಲಿ ಮತ್ತೆ ನೆಡಿಸಿ ನನ್ನನ್ನು ತುದಿಗೆ ಏರಿಸಿದಳು. ಬುಡದಲ್ಲಿ ಫಲಕವೊಂದನ್ನು ನಿಲ್ಲಿಸಿದಳು.

ಬುಟ್ಟಿಗೆ ಹೊಡೆಯುವ ಕಟ್ಟಳೆಯ ಸುದ್ದಿ ಹೇಗೋ ಅವಳ ಕಿವಿಗೆ ಬಿತ್ತು. "ಎಷ್ಟು ಚಂದದ ಆಚರಣೆ! ಉದ್ಘಾಟನೆಗೆ ಅದನ್ನೇ ಮಾಡೋಣ" ಎಂದಳು. ಅಲಂಕರಿಸಿದ ಬೋಟುಗಳು ಅಳಿವೆಯಲ್ಲಿ ಕಾದು ನಿಲ್ಲುವುದು, ಕೇರಿಯ ಹಿರಿಯಳು ಹಗ್ಗ ಬಿಚ್ಚಿ ನನ್ನನ್ನು ಇಳಿಸುವುದು, ಹಿಂದಿನ ಕ್ರಮದಂತೆ ಅದನ್ನು ಕಂಡು ಬೋಟುಗಳು ಕಡಲಿಗೆ ಇಳಿಯುವುದು, ಇತ್ತ ಹೆಂಗಸರು ಪೊರಕೆ ಎತ್ತುವುದು. ಕೇರಿಯಲ್ಲಿ ಈಗ ಎಲ್ಲರಿಗಿಂತ ಹಿರಿಯಳು ಸಿದ್ದು. ಬೋಟುಗಳಲ್ಲಿ ಮುಂದಿನದು ಅವಳ ಮೊಮ್ಮಗ ರಕ್ಷಿತನದು, ಅಂದು ಹೊಟ್ಟೆಯಲ್ಲಿದ್ದ ಮಗಳ ಮಗ.

ಉದ್ಘಾಟನೆಯ ಬೆಳಿಗ್ಗೆ ಎಲ್ಲರ ಫೋನುಗಳೂ ಒಂದೇ ಸಲ ಕಿರುಗುಟ್ಟಿದವು. ಗಾಳಿಯ ಎಚ್ಚರಿಕೆ. "ಅದ್ ದಿನಾ ಬತ್ತ್ ಮಾರಾಯ" ಎಂದು ಅದನ್ನು ಬೆರಳಿನಿಂದ ಸರಿಸಿ ಫೋನನ್ನು ಕಿಸೆಗೆ ಹಾಕಿಕೊಂಡರು. ಗಂಟೆಯೊಳಗೆ ಬೋಟುಗಳು ಮರಳುತ್ತವಲ್ಲ! ನಾನು ಮೇಲಿನಿಂದ ನೋಡಿದೆ. ಕಡಲು ಹಾಲಿನ ಬಟ್ಟಲಿನ ಹಾಗಿತ್ತು. ಪಡುವಣದ ಅಂಚಿನಲ್ಲಿ ಗೆರೆ ಇತ್ತು.

ಚಂಡೆ ಬಡಿಯಿತು, ಅತಿಥಿಗಳು ಕೂತರು. ಸಿದ್ದುವನ್ನು ಕೈಹಿಡಿದು ಕರೆತಂದರು. ಮೇಲಿನಿಂದ ಅವಳ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಭಾರ್ಗವಿ ಮೈಕಿನಲ್ಲಿ ಫಲಕವನ್ನು ಓದತೊಡಗಿದಳು: "ಈ ಬುಟ್ಟಿ ಗಾಳಿಯನ್ನು ತರುತ್ತಿರಲಿಲ್ಲ. ಬರುವ ಗಾಳಿಯನ್ನು ತಿಳಿಸುತ್ತಿತ್ತು. ಇದನ್ನು ಇಳಿಸಿದರೆ ಅಪಾಯ ಕಳೆಯಿತೆಂದು ನಂಬಿ ನಾವಿಕರು ಹೊರಡುತ್ತಿದ್ದರು."

ಜೀವಮಾನವಿಡೀ ನಾನು ಕಾದಿದ್ದ ಮಾತು ಅದೇ. ಆದರೆ ಆ ಬಿಳಿ ತಲೆ ನೋಡಿ ಆ ಮಾತು ನನಗೆ ಬೇಡವಾಯಿತು. ಇದ್ದಿನಬ್ಬ ಯಾಕೆ ನನ್ನನ್ನು ಬೈದ ಎಂಬುದು ಆಗ ನನ್ನ ಬೆತ್ತಕ್ಕೆ ಇಳಿಯಿತು. ಓದಬೇಡ ತಾಯೀ, ನಾನೇ ಶನಿ, ನಾನೇ ಗಾಳಿ ತಂದವನು, ಮುದುಕಿ ನನ್ನನ್ನು ಹೊಡೆದುಕೊಂಡು ನೆಮ್ಮದಿಯಾಗಿ ಸಾಯಲಿ ಎಂದು ಬೇಡಿಕೊಂಡೆ. ಓದಿ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

"ಈಗ ಇಳಿಸಿ ಅಜ್ಜಿ" ಎಂದಳು ಭಾರ್ಗವಿ.

ಸಿದ್ದು ಹಗ್ಗ ಹಿಡಿದಳು. ಬಿಚ್ಚಲಿಲ್ಲ. ಅಳಿವೆಯ ಕಡೆಗೆ ನೋಡಿದಳು.

"ಅಲ್ಲ್ ನನ್ನ್ ಮೊಮ್ಮಗ ಇದ್ದ, ಅಲ್ದಾ?"

"ಹೌದಜ್ಜಿ. ಬುಟ್ಟಿ ಇಳಿಯೋದನ್ನೇ ಕಾಯ್ತಿದ್ದಾನೆ."

"ಅಂದೂ ಹಾಂಗೇ ಕಾಯ್ತಿದ್ರ್" ಎಂದಳು ಸಿದ್ದು. ಮೈಕು ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿತು. "ಕುದ್ರು ಹಿಂದೆ. ನಂಗೆ ಗೊತ್ತಿರ್ಲಿಲ್ಲ. ಇಳ್ಸಿ ಕೂಕಂಡಿದ್ದೆ. ಕಾಂಡ್ಲ ಗಿಡದ ಮೇಲ್ ಹಾಯಿ ಏರಿತ್. ಕೆಂಪ್ ತೇಪೆ. ನಾನೇ ಹೊಲ್ದದ್ದ್. ಮತ್ತೆ ಏರ್ಸುವ ಅಂದ್ರೆ ಹಗ್ಗ ಸಿಕ್ಕಂಡಿತ್. ಕೂಗ್ದೆ. ಅವ್ರಿಗ್ ಕೇಂಬ್ಲಿಲ್ಲ."

ಸಿದ್ದು ಕತ್ತೆತ್ತಿ ನನ್ನನ್ನು ನೋಡಿದಳು.

"ಬುಟ್ಟಿ ಎಂತ ಮಾಡಿತ್? ಅದ್ ಹೇಳಿತ್. ಇಳ್ಸಿದ್ದ್ ನಾನ್. ಇದ್ದಿನಬ್ಬ ಸಾಯ್ಬ್ರಿಗೂ ಗೊತ್ತಿತ್ತ್. ನಂಗೊತ್ತಿಲ್ಲ ಅಂದ್ಕಂಡ್ ಸತ್ರ್ ಪಾಪ." ಹಗ್ಗದ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದು, ಕಂಬದ ಬುಡದಲ್ಲಿ ಕಾಲು ಚಾಚಿ ಕೂತಳು. "ಇವತ್ತ್ ಇಳ್ಸುದಿಲ್ಲ. ಅವ್ನಿಗೆ ವಾಪಸ್ ಬಪ್ಪುಕ್ ಹೇಳಿ."

ಅಂದರೆ ಅಂದು ನನ್ನ ಬೆನ್ನ ಮೇಲಿನ ಕೈ ಕಲ್ಲಾದದ್ದು ಅದಕ್ಕೆ. ವರ್ಷ ವರ್ಷವೂ ಅವಳ ಪೊರಕೆ ನೋಯದಿದ್ದದ್ದು ಅದಕ್ಕೆ. ಎಲ್ಲರಿಗಿಂತ ಮೊದಲು ತಿಳಿದವಳೇ ಅವಳು. ನಿನ್ನ ತಪ್ಪಿಲ್ಲ ಎಂಬ ಮಾತು ನನಗೆ ಕೊನೆಗೂ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಯಾರೋ ಫೋನು ಮಾಡಿದರು. ರಕ್ಷಿತನ ಬೋಟು ತಿರುಗಿತು, ಅದನ್ನು ಕಂಡು ಉಳಿದವೂ ತಿರುಗಿದವು. ಆ ದಿನ ಗಾಳಿ ಬರಲಿಲ್ಲ. ನಾಲ್ಕು ಹನಿ ಮಳೆ ಬಂದು ನಿಂತಿತು. ಅತಿಥಿಗಳು ಮುಖ ಗಂಟಿಕ್ಕಿಕೊಂಡು ಊಟ ಮಾಡಿದರು. ಮುದುಕಿಗೆ ಅರಳುಮರಳು ಎಂದು ಕೆಲವರು ನಕ್ಕರು. ಭಾರ್ಗವಿ ಮಾತ್ರ ನಗಲಿಲ್ಲ. ಅವಳು ಆ ಗಂಟನ್ನು ಯಾರೂ ಬಿಚ್ಚಕೂಡದು ಎಂದು ಕಾವಲುಗಾರನಿಗೆ ಹೇಳಿದಳು.

ಹಾಗಾಗಿ ನಾನು ಮೇಲೆಯೇ ಇದ್ದೇನೆ. ಸಿದ್ದು ಪ್ರತಿದಿನ ಸಂಜೆ ಕೋಲೂರಿಕೊಂಡು ಬಂದು, ಗಂಟು ಮುಟ್ಟಿ ನೋಡಿ, ಕಂಬದ ಬುಡದಲ್ಲಿ ಕೂರುತ್ತಾಳೆ. ಅವಳ ಪ್ರೀತಿ ದೊಡ್ಡದು. ಆದರೆ ನನ್ನ ಕಸುಬು ನನಗೆ ಗೊತ್ತು. ಏರಿ ಇಳಿಯುವ ಬುಟ್ಟಿಗೆ ಮಾತಿದೆ. ಯಾವಾಗಲೂ ಏರಿಯೇ ಇರುವ ಬುಟ್ಟಿಯನ್ನು ಯಾರು ನೋಡುತ್ತಾರೆ? ಕಾಗೆಗಳೂ ನನಗೆ ಹೊಂದಿಕೊಂಡಿವೆ. ಬೋಟಿನವರಿಗೆ ನಾನು ಆಕಾಶದ ಒಂದು ತುಂಡು. ರಕ್ಷಿತನೊಬ್ಬ ಅಳಿವೆ ದಾಟುವ ಮೊದಲು ತಿರುಗಿ ನನ್ನನ್ನು ನೋಡಿಯೇ ಹೋಗುತ್ತಾನೆ, ಅಜ್ಜಿ ಆಣೆ ಹಾಕಿಸಿಕೊಂಡಿದ್ದಾಳೆ.

ಇಂದು ಸಂಜೆಯೂ ಸಿದ್ದು ಬಂದಿದ್ದಾಳೆ. ಕಡಲು ಅದೇ ಹಾಲಿನ ಬಟ್ಟಲಿನ ಹಾಗೆ ಸುಮ್ಮನಿದೆ. ಪಡುವಣದ ಗೆರೆ ಮಧ್ಯಾಹ್ನ ದಾರದಷ್ಟಿತ್ತು, ಈಗ ಹಗ್ಗದಷ್ಟಾಗಿದೆ. ಅವಳಿಗೂ ಕಂಡಿರಬೇಕು, ಕೋಲೂರಿ ಎದ್ದು ನಿಂತಿದ್ದಾಳೆ. ಕುದ್ರು ದಾಟಿ ರಕ್ಷಿತನ ಬೋಟು ಹೊರಟಿದೆ.

"ಹೇಳ್ ಮಗಾ, ಹೇಳ್" ಎನ್ನುತ್ತಿದ್ದಾಳೆ ಅವಳು ಕೆಳಗಿನಿಂದ.

ರಕ್ಷಿತ ಕಿವಿಗೆ ಫೋನು ಒತ್ತಿಕೊಂಡು ಯಾರೊಂದಿಗೋ ನಗುತ್ತ ಮಾತಾಡುತ್ತಿದ್ದಾನೆ. ಇವತ್ತು ತಿರುಗಿ ನೋಡಲಿಲ್ಲ.